ಬೆಣಚುಕಲ್ಲಿನಲ್ಲಿ ಕೋಬಾಲ್ಟ್

ಬೆಣಚುಕಲ್ಲಿನಲ್ಲಿ ಕೋಬಾಲ್ಟ್ ಇರುವುದಿಲ್ಲ. ಇದ್ದರೂ ಲೆಕ್ಕಕ್ಕೆ ಬಾರದಷ್ಟು. ಕಲ್ಲಿನ ರಸಾಯನ ಓದಿದ ಯಾರನ್ನು ಗಾಢ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಮಗ್ಗುಲು ಬದಲಿಸುತ್ತಲೇ ಇಷ್ಟು ಹೇಳಿಯಾರು. ಹಾಗಾಗಿ, ಬೆನ್ನಿನ ಶಸ್ತ್ರಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದ ದಿನ, ಸಹಿಗೆಂದು ಮೇಜಿನ ಮೇಲೆ ಕಾದಿದ್ದ ಗುಡ್ಡದ ವರದಿಯನ್ನು ಓದುತ್ತ ಅವಳು ಮೊದಲು ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ಇನ್ನೊಮ್ಮೆ ಓದಿದಳು. ಗುಡ್ಡದ ಕರಿಕಲ್ಲುಗಳಲ್ಲಿ ಕೋಬಾಲ್ಟ್ ಸಾಧಾರಣ. ಬಿಳಿ ಬೆಣಚುಕಲ್ಲುಗಳಲ್ಲಿ ಯದ್ವಾತದ್ವಾ. ಕಲ್ಲು ಗಟ್ಟಿಯಾದಷ್ಟೂ ಕೋಬಾಲ್ಟ್ ಜಾಸ್ತಿ.

ಖನಿಜ ಹುಡುಕುವ ಆ ಸರ್ಕಾರಿ ಸಂಸ್ಥೆಯಲ್ಲಿ ಅವಳನ್ನು ಎಲ್ಲರೂ ಪುಡಿ ಮೇಡಂ ಎನ್ನುತ್ತಿದ್ದರು. ಹೊರಗಿನಿಂದ ಬಂದ ಕಲ್ಲು ಪುಡಿಯಾಗಿ, ಆಮ್ಲದಲ್ಲಿ ಕರಗಿ, ಯಂತ್ರದೊಳಗೆ ಹೋಗಿ ಅಂಕಿಯಾಗಿ ಹೊರಬರುವ ತನಕದ ಜವಾಬ್ದಾರಿಯೆಲ್ಲ ಅವಳದು. ಅವಳ ಸಹಿ ಇಲ್ಲದೆ ಅಂಕಿಗೆ ಬೆಲೆ ಇಲ್ಲ. ಅವಳು ರಜೆಯಲ್ಲಿದ್ದಾಗ ಮಾತ್ರ ಅಂಕಿಗಳು ಸಹಿಗೆ ಕಾಯದೆ ಪತ್ರಿಕೆಗಳ ಮುಖಪುಟಕ್ಕೆ ಹೋಗಿ ಕೂತಿದ್ದವು. ಊರಂಚಿನ ಗುಡ್ಡದಲ್ಲಿ ಕೋಬಾಲ್ಟ್ ಪತ್ತೆ. ಬ್ಯಾಟರಿ ಕಾರ್ಖಾನೆಗಳಿಗೆ ಬೇಕಾದ ಲೋಹ ಇನ್ನು ಮನೆಬಾಗಿಲಲ್ಲೇ. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳೂ ಅದನ್ನು ಓದಿ ಹೆಮ್ಮೆಪಟ್ಟಿದ್ದಳು.

ವರದಿ ಹಿಡಿದುಕೊಂಡೇ ಅರೆಯುವ ಕೋಣೆಗೆ ಹೋದಳು. ಅಲ್ಲಿನ ಮೇಸ್ತ್ರಿ ಕಿವಿಗೆ ಹತ್ತಿ ತುರುಕಿಕೊಂಡು ಗಿರಣಿಯ ಮುಂದೆ ನಿಂತಿದ್ದ.

"ಗುಡ್ಡದ ಕಲ್ಲು ಯಾವ ಬಟ್ಟಲಲ್ಲಿ ಅರೆದ್ರಿ?"

"ಬನ್ನಿ ಮೇಡಂ, ಬೆನ್ನು ಹೇಗಿದೆ ಅಂತ ಕೇಳೋಕೂ ಬಿಡಲ್ವಲ್ಲ ನೀವು." ಅವನು ಹತ್ತಿ ತೆಗೆದ. "ಲೋಹದ ಬಟ್ಟಲಲ್ಲಿ."

"ಅಗೇಟ್ ಕಲ್ಲಿನ ಬಟ್ಟಲು ಏನಾಯ್ತು?"

"ಅಲ್ಲೇ ಇದೆ. ಅದ್ರಲ್ಲಿ ಅರೀತಾ ಕೂತ್ರೆ ಮುದುಕರಾಗ್ತೀವಿ ಅಂದ್ರು ದೊಡ್ಡ ಸಾಹೇಬ್ರು. ಲೋಹದ್ದು ಗರಗರ ಅಂತ ಮುಗಿಸಿಬಿಡುತ್ತೆ."

ಗರಗರ ಎಂದು ಮುಗಿಸುವ ಆ ಬಟ್ಟಲು ಟಂಗ್‌ಸ್ಟನ್ ಕಾರ್ಬೈಡ್ ಎಂಬ ಗಟ್ಟಿ ಮಿಶ್ರಣದ್ದು. ಅದರ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಕೋಬಾಲ್ಟ್. ಮೆದುಕಲ್ಲು ಹಾಕಿದರೆ ತೊಂದರೆ ಇಲ್ಲ. ಬೆಣಚುಕಲ್ಲಿನಂಥ ಗಟ್ಟಿ ಕಲ್ಲು ಹಾಕಿದರೆ ಬಟ್ಟಲು ಕಲ್ಲನ್ನು ಅರೆಯುತ್ತದೆ, ಕಲ್ಲೂ ಬಟ್ಟಲನ್ನು ಅರೆಯುತ್ತದೆ. ಪುಡಿಯಲ್ಲಿ ಎರಡೂ ಇರುತ್ತವೆ. ಇದು ಗುಟ್ಟೇನಲ್ಲ. ಈ ಕೆಲಸಕ್ಕೆ ಬಂದವರಿಗೆ ಮೊದಲ ವಾರ ಕಲಿಸುವ ಪಾಠ. ಆ ಕಾರಣಕ್ಕೇ ಒಂದು ನೇಮವೂ ಇತ್ತು: ಮಾದರಿ ಅರೆಯುವ ಮುನ್ನ ಶುದ್ಧ ಮರಳನ್ನು ಅದೇ ಬಟ್ಟಲಲ್ಲಿ ಅರೆದು, ಅದರಲ್ಲಿ ಏನೂ ಸಿಗುವುದಿಲ್ಲ ಎಂದು ಖಾತರಿ ಮಾಡಿಕೊಳ್ಳಬೇಕು.

"ಮರಳು ಅರೆದು ನೋಡಿದ್ರಾ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಅರೆದೆ. ಪುಡಿ ಮೇಲಕ್ಕೆ ಕಳಿಸ್ದೆ. ಆಮೇಲೆ ಇನ್ಮೇಲೆ ಮರಳು ಬೇಡ ಅಂತ ಹೇಳಿಕಳಿಸಿದ್ರು."

ಅವಳು ತಾನೇ ಮರಳು ತೂಗಿ ಬಟ್ಟಲಿಗೆ ಸುರಿದಳು. ಸಂಜೆಯ ಹೊತ್ತಿಗೆ ಉತ್ತರ ಬಂತು. ಏನೂ ಇಲ್ಲದ ಬಿಳಿ ಮರಳಿನಲ್ಲಿ ಗುಡ್ಡದ ಕಲ್ಲಿನಲ್ಲಿದ್ದಷ್ಟೇ ಕೋಬಾಲ್ಟ್ ಇತ್ತು. ಜೊತೆಗೆ ಟಂಗ್‌ಸ್ಟನ್ ರಾಶಿ. ಗುಡ್ಡದ ಮಾದರಿಗಳ ಮೂಲ ಅಂಕಿಗಳನ್ನು ಯಂತ್ರದಿಂದ ಮತ್ತೆ ತೆಗೆಸಿದಳು. ಕೋಬಾಲ್ಟ್ ಏರಿದಲ್ಲೆಲ್ಲ ಟಂಗ್‌ಸ್ಟನ್ನೂ ಅದೇ ಪ್ರಮಾಣದಲ್ಲಿ ಏರಿತ್ತು. ಅಚ್ಚಾದ ವರದಿಯಲ್ಲಿ ಮಾತ್ರ ಟಂಗ್‌ಸ್ಟನ್ನಿನ ಸಾಲೇ ಇರಲಿಲ್ಲ.

ತಪ್ಪು ಯಾರಿಂದಲೂ ಆಗುತ್ತದೆ. ಸಾಲು ತಾನಾಗಿ ಮಾಯವಾಗುವುದಿಲ್ಲ.

ದೊಡ್ಡ ಸಾಹೇಬರೆಂದರೆ ಸಂಸ್ಥೆಯ ನಿರ್ದೇಶಕರು, ಅವಳ ಗುರುಗಳೂ ಆಗಿದ್ದವರು. ಸುತ್ತಿಗೆ ಹಿಡಿಯುವುದನ್ನು, ಕಲ್ಲಿನ ಹೊಸ ಮುಖ ಒಡೆದು ನೋಡುವುದನ್ನು ಅವರೇ ಕಲಿಸಿದ್ದು. ಈಗ ಅವರ ಕೋಣೆಯ ಗೋಡೆಯ ಮೇಲೆ ಹೊಸ ಕಟ್ಟಡದ ನಕ್ಷೆ ತೂಗುತ್ತಿತ್ತು.

"ಬಾಮ್ಮ, ಕೂತ್ಕೋ. ಬೆನ್ನಿಗೆ ಆ ಮೆತ್ತನೆ ಕುರ್ಚಿ ಬೇಡ, ಇದರಲ್ಲಿ ಕೂರು."

"ಸಾರ್, ಗುಡ್ಡದಲ್ಲಿ ಕೋಬಾಲ್ಟ್ ಇಲ್ಲ. ಬಟ್ಟಲಲ್ಲಿದೆ."

ಅವರು ಬೆಚ್ಚಿಬೀಳಲಿಲ್ಲ. ಅವಳ ಮೈ ಉರಿದದ್ದು ಅದಕ್ಕೆ. ಬೆಚ್ಚಿದ್ದರೆ, ಹೌದಾ ಎಂದಿದ್ದರೆ, ಬೈದಿದ್ದರೂ ಅವಳು ಎದುರು ಕೂತು ಸಮಾಧಾನದಿಂದ ವಿವರಿಸುತ್ತಿದ್ದಳು.

"ನಿಮಗೆ ಗೊತ್ತಿತ್ತು," ಎಂದಳು.

"ಅನುಮಾನ ಇತ್ತು. ಅಷ್ಟರಲ್ಲಿ ಸುದ್ದಿ ಹೊರಗೆ ಹೋಗಿತ್ತು." ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. "ಈ ಸಂಸ್ಥೆ ಮುಚ್ಚಬೇಕು ಅಂತ ಕಡತ ಓಡಾಡ್ತಾ ಇತ್ತು, ನಿನಗೂ ಗೊತ್ತು. ಈಗ ಯಾರೂ ಆ ಮಾತೆತ್ತಲ್ಲ. ಗುಡ್ಡ ನಮ್ಮ ಕೈಗೆ ಬರಲಿ, ಆಳಕ್ಕೆ ಕೊರೆದು ನೋಡೋಣ. ಕೆಳಗೆ ಇದ್ರೂ ಇರಬಹುದು."

"ಇಲ್ಲದಿದ್ರೆ?"

"ಇಲ್ಲದಿದ್ರೆ ಇಲ್ಲ. ಸಂಶೋಧನೆ ಅಂದ್ರೆ ಅದೇ ತಾನೆ?"

"ಗುಡ್ಡದ ಮೇಲೆ ಮನೆಗಳಿವೆ ಸಾರ್. ಜನರನ್ನ ಎಬ್ಬಿಸಿ ಆಮೇಲೆ ಕೊರೆಯೋದಾ? ನನ್ನ ಅಕ್ಕ ಅಲ್ಲಿದ್ದಾಳೆ."

"ನೋಡು, ಅದಕ್ಕೇ ನಿನಗೆ ಇಷ್ಟು ಸಿಟ್ಟು." ಅವರು ಮೊದಲ ಸಲ ನಕ್ಕರು. "ಸ್ವಂತ ವಿಷಯ ತಂದು ವಿಜ್ಞಾನದೊಳಗೆ ಬೆರೆಸ್ಬಾರದು ಅಂತ ನಾನೇ ಹೇಳಿಕೊಟ್ಟಿದ್ದೆ."

ಬೆರೆಸಿದ್ದು ಯಾರು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ವರದಿಯನ್ನು ಸಹಿ ಇಲ್ಲದೆ ಅವರ ಮೇಜಿನ ಮೇಲಿಟ್ಟು ಹೊರಬಂದಳು.

ಅಕ್ಕನ ಬೇಕರಿ ಗುಡ್ಡದ ಬುಡದಲ್ಲಿ, ರಸ್ತೆ ಮೇಲಕ್ಕೆ ತಿರುಗುವಲ್ಲಿ. ಮನೆ ಅದರ ಬೆನ್ನಿಗೇ. ಅಂದು ಬೇಕರಿಯ ಷಟರಿನ ಮೇಲೆ ಭೂಸ್ವಾಧೀನದ ನೋಟಿಸ್ ಅಂಟಿತ್ತು. ಭಾವ ಅದನ್ನು ಕೀಳುವ ಹಾಗಿಲ್ಲವೆಂದು, ಬಿಡಲೂ ಮನಸ್ಸಿಲ್ಲವೆಂದು, ಷಟರನ್ನು ಪೂರ್ತಿ ಮೇಲಕ್ಕೆತ್ತಿ ಸುರುಳಿಯೊಳಗೆ ಮರೆಮಾಡಿದ್ದ.

ಅಕ್ಕ ಹಿಟ್ಟು ನಾದುತ್ತಿದ್ದಳು. ತಂಗಿಯನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಬಂದ್ಯಾ ತಾಯಿ. ನಮ್ಮನ್ನ ಬೀದಿಗೆ ತರೋಕೆ ಸರ್ಕಾರಕ್ಕೆ ಬೇರೆ ಯಾರೂ ಸಿಗ್ಲಿಲ್ಲ ನೋಡು. ಒಡಹುಟ್ಟಿದವಳ ಆಫೀಸೇ ಬೇಕಾಯ್ತು."

"ಲೇ, ಬೆನ್ನು ಕುಯ್ಯಿಸ್ಕೊಂಡು ಬಂದಿದ್ದಾಳೆ, ಮೊದ್ಲು ಕೂರ್ಸು," ಎಂದ ಭಾವ.

"ಬೆನ್ನು ಕುಯ್ದಿದ್ದು ಡಾಕ್ಟ್ರು. ನಮ್ಮ ಕತ್ತು ಕುಯ್ದಿದ್ದು ಇವರು."

ಅವಳು ಹಿಟ್ಟಿನ ಮೂಟೆಯ ಮೇಲೆ ಕೂತು ಬಟ್ಟಲಿನ ವಿಷಯ ಹೇಳಿದಳು. ಗಿರಣಿ, ಮರಳು, ವರದಿಯಿಂದ ಬಿಟ್ಟ ಸಾಲು, ಯಾವುದನ್ನೂ ಬಿಡಲಿಲ್ಲ. ಅಕ್ಕನ ಕೈ ಈಗ ನಿಂತಿತು.

"ಅಂದ್ರೆ ನನ್ನ ನಾದೋ ಯಂತ್ರದ ಬ್ಲೇಡು ಸವೆದು ಹಿಟ್ಟಿಗೆ ಬಿದ್ದು, ಗೋಧೀಲೇ ಕಬ್ಬಿಣ ಬೆಳೆದಿದೆ ಅಂತ ಯಾರೋ ಹೊಲ ಕಿತ್ಕೊಂಡ ಹಾಗೆ."

"ಹೂಂ. ಹಾಗೇ."

"ಇದು ಗೊತ್ತಿದ್ದೂ ನೋಟಿಸ್ ಅಂಟಿಸಿದ್ರಾ?" ಅಕ್ಕನ ದನಿ ಏರಲಿಲ್ಲ, ಇಳಿಯಿತು. ಚಿಕ್ಕಂದಿನಿಂದಲೂ ಅವಳ ನಿಜವಾದ ಕೋಪ ಇಳಿದ ದನಿಯಲ್ಲೇ. "ನಾಳೆ ಶಾಲೆಯಲ್ಲಿ ಸಭೆ ಇದೆ. ಅಧಿಕಾರಿ ಬರ್ತಾರಂತೆ, ನಮ್ಮ ಆಕ್ಷೇಪಣೆ ಕೇಳೋಕೆ. ನೀನು ಯಾವ ಕಡೆ ಕೂರ್ತೀಯ?"

"ಕೂರಲ್ಲ. ನಿಂತು ಮಾತಾಡ್ತೀನಿ."

"ಕೆಲಸ ಹೋದ್ರೆ?" ಎಂದ ಭಾವ.

"ಹೋದ್ರೆ ಇಲ್ಲಿ ಹಿಟ್ಟು ತೂಗ್ಲಿ," ಎಂದಳು ಅಕ್ಕ. "ಪುಡಿ ಕೆಲಸಾನೇ ಅಲ್ವಾ."

ಶಾಲೆಯ ಸಭಾಂಗಣದಲ್ಲಿ ಇದ್ದದ್ದು ಮಕ್ಕಳ ಬೆಂಚುಗಳು. ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಭೂಸ್ವಾಧೀನ ಅಧಿಕಾರಿ ತೆಳ್ಳಗಿನ ಮನುಷ್ಯ. ಯಾರು ಏನು ಹೇಳಿದರೂ ತಾವೇ ಬರೆದುಕೊಳ್ಳುತ್ತಿದ್ದರು. ನಿರ್ದೇಶಕರು ಪರದೆಯ ಮೇಲೆ ಗುಡ್ಡದ ನಕ್ಷೆ ತೋರಿಸಿದರು. ಕೋಬಾಲ್ಟ್ ಜಾಸ್ತಿ ಇದ್ದಲ್ಲಿ ಕೆಂಪು ಬಣ್ಣ. ತಮ್ಮ ತಮ್ಮ ಮನೆ ಕೆಂಪಿನೊಳಗೆ ಎಲ್ಲಿದೆ ಎಂದು ಜನ ಕತ್ತು ಚಾಚಿ ಹುಡುಕುತ್ತಿದ್ದರು. ರಾಷ್ಟ್ರದ ಅಗತ್ಯ, ನಾಳಿನ ಪೀಳಿಗೆ, ಒಳ್ಳೆಯ ಪುನರ್ವಸತಿ ಎಂಬ ಮಾತುಗಳು ಒಂದಾದ ಮೇಲೊಂದು ಬಂದುಹೋದವು.

ಅವಳು ಎದ್ದಳು. "ನಾನು ಇದೇ ಸಂಸ್ಥೆಯ ವಿಶ್ಲೇಷಣಾ ವಿಭಾಗದವಳು. ಒಂದು ಪ್ರಶ್ನೆ. ಈ ಕಲ್ಲುಗಳನ್ನ ಯಾವ ಬಟ್ಟಲಲ್ಲಿ ಅರೆದದ್ದು?"

ನಿರ್ದೇಶಕರ ಮುಖ ಬಿಗಿಯಿತು. "ಇದು ತೀರಾ ತಾಂತ್ರಿಕ ವಿಷಯ. ಒಳಗೆ ಮಾತಾಡ್ಬಹುದು. ಇಲ್ಲಿ ಜನರಿಗೆ ಗೊಂದಲ ಬೇಡ."

"ಗೊಂದಲ ನಮಗೇ ಆಗ್ಲಿ ಬಿಡಿ ಸ್ವಾಮಿ," ಎಂದಳು ಅಕ್ಕ ಹಿಂದಿನ ಬೆಂಚಿನಿಂದ. "ಮನೆ ನಮ್ದು, ಗೊಂದಲಾನೂ ನಮ್ದೇ. ಪಾತ್ರೆ ಯಾವ್ದು ಅಂತ ಹೇಳಿ."

ಅಧಿಕಾರಿ ಪೆನ್ನು ಎತ್ತಿ ಹಿಡಿದರು. "ಬಟ್ಟಲಿಗೂ ಇದಕ್ಕೂ ಏನು ಸಂಬಂಧ?"

ಅವಳು ಹೇಳಿದಳು. ಶುದ್ಧ ಮರಳಿನಲ್ಲೂ ಅಷ್ಟೇ ಕೋಬಾಲ್ಟ್ ಸಿಕ್ಕಿದ್ದನ್ನೂ ಹೇಳಿದಳು. ಅಗೇಟ್ ಬಟ್ಟಲಲ್ಲಿ ಇನ್ನೊಮ್ಮೆ ಅರೆದರೆ ಎಲ್ಲ ತಿಳಿಯಾಗುತ್ತದೆ ಎಂದು ಮುಗಿಸಿದಳು.

"ಹಾಗಿದ್ರೆ ಅರೆದು ಬಿಡಿ," ಎಂದರು ಅಧಿಕಾರಿ. "ಅರೆಯದೆ ಉಳಿದ ಕಲ್ಲು ಇರುತ್ತಲ್ಲ?"

"ಇಲ್ಲ," ಎಂದರು ನಿರ್ದೇಶಕರು. "ಜಾಗದ ಅಭಾವ. ಇವತ್ತು ಬೆಳಗ್ಗೆ ವಿಲೇವಾರಿ ಮಾಡಿಸಿದ್ವಿ."

ಇವತ್ತು ಬೆಳಗ್ಗೆ! ವರದಿಗೆ ಸಹಿ ಬೀಳುವ ತನಕ ಉಳಿದ ಕಲ್ಲಿನ ಒಂದು ಚೂರನ್ನೂ ಎಸೆಯಕೂಡದು ಎಂದು ಅವಳಿಗೆ ಕಲಿಸಿದವರು ಇದೇ ಮನುಷ್ಯ. ಹೊರಗಿನ ಕೆಲಸದಲ್ಲಿ ಒಮ್ಮೆ ಕಲ್ಲಿನ ಒಂದು ಚೀಲ ಕಳೆದುಕೊಂಡದ್ದಕ್ಕೆ, ಇಡೀ ತಂಡವನ್ನು ಮತ್ತೆ ಹಳ್ಳಕ್ಕೆ ಇಳಿಸಿದ್ದವರು.

"ನಿಮಗೆ ನಾಚಿಕೆ ಆಗಲ್ವಾ ಸಾರ್?" ಎಂದುಬಿಟ್ಟಳು, ಎಲ್ಲರ ಎದುರು.

"ಭಾಷೆ ಮೇಲೆ ಹಿಡಿತ ಇರಲಿ. ಕಲ್ಲಿಲ್ಲ ಅಂದ್ರೆ ಇಲ್ಲ. ನಾನೇನು ಮಾಡ್ಲಿ?"

ಆಗ ಭಾವ ಮಕ್ಕಳ ಬೆಂಚಿನಿಂದ ಕಷ್ಟಪಟ್ಟು ಮೈ ಬಿಡಿಸಿಕೊಂಡು ಎದ್ದ. ಸಭೆಯಲ್ಲಿ ಮಾತಾಡಿ ಗೊತ್ತಿಲ್ಲದ ಮನುಷ್ಯ. "ಸಾರ್, ಒಂದ್ ಮಾತು. ಗುಡ್ಡ ವಿಲೇವಾರಿ ಆಗಿಲ್ವಲ್ಲ? ಕಿಟಕೀಲಿ ಕಾಣ್ತಾ ಇದೆ."

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಆಮೇಲೆ ನಗು ಹಿಂದಿನ ಬೆಂಚಿನಿಂದ ಶುರುವಾಗಿ ಮುಂದಕ್ಕೆ ಬಂತು. ಅಧಿಕಾರಿಯೂ ಕಿಟಕಿಯತ್ತ ನೋಡಿದರು. ಬರೆದುಕೊಂಡರು.

ಮೊದಲು ಮಾದರಿಗೆಂದು ಅಗೆದಿದ್ದ ಗುಂಡಿಗಳಿಂದಲೇ ಹೊಸ ಕಲ್ಲು ತೆಗೆಯಬೇಕು, ಚೀಲಗಳಿಗೆ ಅಧಿಕಾರಿಯ ಮೊಹರು ಬೀಳಬೇಕು, ಬೇರೆ ಊರಿನ ಪ್ರಯೋಗಾಲಯದಲ್ಲಿ ಅಗೇಟ್ ಬಟ್ಟಲಲ್ಲೇ ಅರೆಯಬೇಕು ಎಂದು ಆದೇಶವಾಯಿತು. ಗುಂಡಿಗಳು ಎಲ್ಲಿವೆಯೆಂದು ಗುಡ್ಡದ ಮೇಲೆ ಎಲ್ಲರಿಗೂ ಗೊತ್ತಿತ್ತು. ಬಹಳಷ್ಟು ಅವರವರ ಹಿತ್ತಿಲಲ್ಲೇ ಇದ್ದವು. ಉತ್ತರ ಬರುವವರೆಗೆ ಅವಳನ್ನು ದಾಸ್ತಾನು ಕೋಣೆಗೆ ಹಾಕಿದರು. ಖಾಲಿ ಸೀಸೆ ಎಣಿಸುವ ಕೆಲಸ. ಬೆನ್ನಿಗೆ ವಿಶ್ರಾಂತಿಯೆಂದು ಆದೇಶದಲ್ಲಿ ಕಾರಣ ಕೊಟ್ಟಿದ್ದರು.

ಉತ್ತರ ಬಂತು. ಬೆಣಚುಕಲ್ಲಿನಲ್ಲಿ ಕೋಬಾಲ್ಟ್ ಇರಲಿಲ್ಲ. ನೋಟಿಸ್ ವಾಪಸಾಯಿತು. ಅಕ್ಕ ಷಟರನ್ನು ಕೆಳಗೆಳೆದು, ನೋಟಿಸನ್ನು ಬಿಸಿನೀರು ಹಾಕಿ ಉಜ್ಜಿ ತೆಗೆದಳು. ಪತ್ರಿಕೆಗಳಲ್ಲಿ ಒಳಪುಟದ ಮೂಲೆಯಲ್ಲಿ, ತಾಂತ್ರಿಕ ಕಾರಣಗಳಿಂದ ಯೋಜನೆ ಕೈಬಿಡಲಾಗಿದೆ ಎಂದು ಬಂತು. ಮುಖಪುಟದ ಸುದ್ದಿ ಸುಳ್ಳೆಂದು ಯಾವ ಪುಟವೂ ಹೇಳಲಿಲ್ಲ.

ಅಂತಿಮ ವರದಿಗೆ ಮಾತ್ರ ಅವಳ ಸಹಿ ಬೇಕೇ ಬೇಕಿತ್ತು. ದಾಸ್ತಾನು ಕೋಣೆಯಿಂದ ಕರೆಸಿದರು.

"ಆಗಿದ್ದಾಯ್ತು," ಎಂದರು ನಿರ್ದೇಶಕರು. ಅವರ ಮುಖ ಇಳಿದುಹೋಗಿತ್ತು, ಗೋಡೆಯ ನಕ್ಷೆಯೂ ಇರಲಿಲ್ಲ. "ನಿನ್ನ ಅಕ್ಕನ ಮನೆ ಉಳೀತು. ಇನ್ನೇನಿದೆ? ಸಹಿ ಹಾಕು, ನಾಳೆಯಿಂದ ನಿನ್ನ ವಿಭಾಗಕ್ಕೆ ಹೋಗು."

ಅವಳು ಓದಿದಳು. ಮಾದರಿಗಳ ಸಹಜ ವ್ಯತ್ಯಾಸದಿಂದಾಗಿ ಮೊದಲ ಫಲಿತಾಂಶ ದೃಢಪಟ್ಟಿಲ್ಲ ಎಂದಿತ್ತು.

"ಸಹಜ ವ್ಯತ್ಯಾಸ ಅಂದ್ರೆ ತಪ್ಪು ಗುಡ್ಡದ್ದು ಅಂತ ಆಯ್ತಲ್ಲ ಸಾರ್."

"ಓದೋರು ಯಾರಮ್ಮ ಇದನ್ನ?"

"ಮುಂದಿನ ಗುಡ್ಡಕ್ಕೆ ಹೋಗೋರು."

ಆ ಸಾಲನ್ನು ಹೊಡೆದುಹಾಕಿ ಅವಳು ಮೇಲೆ ಬರೆದಳು. ಅರೆಯುವ ಬಟ್ಟಲಿನ ಲೋಹ ಮಾದರಿಗೆ ಬೆರೆತು ಕೋಬಾಲ್ಟ್ ಕಂಡಿತು. ಇದು ತಿಳಿದ ಮೇಲೂ ಟಂಗ್‌ಸ್ಟನ್ನಿನ ಅಂಕಿಗಳನ್ನು ವರದಿಯಿಂದ ತೆಗೆಯಲಾಯಿತು, ನೋಟಿಸನ್ನು ತಡೆಯಲಿಲ್ಲ.

ನಿರ್ದೇಶಕರು ವರದಿಯನ್ನು ತಮ್ಮತ್ತ ತಿರುಗಿಸಿಕೊಂಡು ಓದಿದರು. "ಮೊದಲನೇ ವಾಕ್ಯ ಇರಲಿ. ಎರಡನೇದು ತೆಗಿ. ನಾನು ನಿನಗೆ ಪಾಠ ಹೇಳಿದವನು."

"ಮೊದಲನೇದು ನನ್ನ ಕೈಯಲ್ಲೂ ಆಗಬಹುದಾದ ತಪ್ಪು ಸಾರ್," ಎಂದಳು. "ನಾನು ಸಹಿ ಹಾಕ್ತಿರೋದು ಎರಡನೇದಕ್ಕೆ."

ಸಹಿ ಹಾಕಿ, ಶಾಯಿ ಆರುವ ತನಕ ಅಲ್ಲೇ ನಿಂತಳು. ಆಮೇಲೆ ವರದಿಯನ್ನು ಅವರ ಮೇಜಿನ ಮೇಲಿಡಲಿಲ್ಲ. ತಾನೇ ಎತ್ತಿಕೊಂಡು, ಅಧಿಕಾರಿಯ ಕಚೇರಿಗೆ ಹೊರಟಳು.