ಪೆಡಲ್ ಸೀಟು

ಹದಿನೆಂಟು ವರ್ಷ ಆ ಸೀಟಿನಲ್ಲಿ ಕೂತವಳು ನಾನು. ಚನ್ನಪಟ್ಟಣದ ಹೆದ್ದಾರಿ ಪಕ್ಕದ ನಮ್ಮ ಗ್ಯಾರೇಜಿಗೆ ಬ್ರೇಕಿನ ಕೆಲಸ ಬಂದರೆ ಸಾಕು, ನನ್ನ ಗಂಡ ಸ್ವಾಮಿ "ರಾಧಾಮಣೀ" ಎಂದು ಕೂಗುತ್ತಿದ್ದರು. ಒಲೆ ಆರಿಸಿ ಬಂದು ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದೆ. ಅವರು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ನಿಪ್ಪಲ್ ಸಡಿಲಿಸಿ ಬ್ರೇಕಿನೊಳಗಿನ ಗಾಳಿ ಬಿಡುವುದು, ನಾನು ಮೇಲೆ ಪೆಡಲ್ ತುಳಿಯುವುದು. "ಒತ್ತು... ಒತ್ತು... ಹಿಡ್ಕೋ." ದಿನದಲ್ಲಿ ನಾವಿಬ್ಬರೂ ನೆಟ್ಟಗೆ ಆಡುತ್ತಿದ್ದ ಮಾತೆಂದರೆ ಅಷ್ಟೇ. ನನಗೆ ಅದು ಸಾಕಾಗಿತ್ತು.

ಆಮೇಲೆ ನಯನಾ ಕೆಲಸಕ್ಕೆ ಸೇರಿದಳು. ಮೂವತ್ತು ದಾಟಿದವಳು, ಬಿಡದಿಯ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವಳು. ಮೊದಲ ವಾರವೇ ಪೆಡಲ್ ಸೀಟು ಅವಳದಾಯಿತು. "ಅವ್ಳ ಕಾಲು ಮೀಟರ್ ಇದ್ದಂಗೆ ಕಣಮ್ಮಿ, ಒಳಗೆ ಒಂದ್ ಗಾಳಿ ಗುಳ್ಳೆ ಇದ್ರೂ ಗೊತ್ತಾಯ್ತದೆ" ಎಂದು ನಮ್ಮವರು ಊಟಕ್ಕೆ ಕೂತಾಗ ಹೊಗಳಿದರು. ನಾನು ಮುದ್ದೆಯನ್ನು ತಟ್ಟೆಗೆ ಕುಕ್ಕಿದೆ. ಅದೂ ಅವರಿಗೆ ತಿಳಿಯಲಿಲ್ಲ. ಹೌದು, ಹೊಟ್ಟೆಕಿಚ್ಚು, ಬೇರೆ ಹೆಸರಿಟ್ಟು ಮುಚ್ಚಿಡುವುದೇಕೆ? ಅವಳ ನಡತೆಯ ಮೇಲೆ ಗುಮಾನಿ ಇರಲಿಲ್ಲ. ನನಗೆ ನನ್ನ ಸೀಟು ಬೇಕಾಗಿತ್ತು.

ನನಗೆ ಉಳಿದದ್ದು ಪೂಜೆ. ಹೊಸ ಸಾಮಾನನ್ನು ದೇವರ ಮುಂದಿಡದೆ ಗಾಡಿಗೆ ಹಾಕುವುದು ನಮ್ಮಲ್ಲಿಲ್ಲ. ದೊಡ್ಡಆಲಹಳ್ಳಿಯ ಅಂಕಯ್ಯನವರ ಕಾರಿಗೆ ಎರಡು ಹೊಸ ಕ್ಯಾಲಿಪರ್ ಬಂದವು. ಮುಂದಿನ ಚಕ್ರಗಳನ್ನು ಬಿಗಿಹಿಡಿದು ನಿಲ್ಲಿಸುವ ಕಬ್ಬಿಣದ ತುಂಡುಗಳು ಅವು. ನಮ್ಮವರು ಎಂದಿನಂತೆ ದೇವರ ಹಲಗೆಯ ಮೇಲೆ ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಇಟ್ಟರು. ದೀಪಕ್ಕೆ ಜಾಗ ಸಾಲದೆ ನಾನು ಅವನ್ನು ಎತ್ತಿ, ದೀಪವಿಟ್ಟು, ಮತ್ತೆ ಜೋಡಿಸಿದೆ. ದಪ್ಪಗೆ ಕುಂಕುಮ ಮೆತ್ತಿದೆ. ನಯನಾ ಹಲಗೆಯ ಮೇಲಿದ್ದಂತೆಯೇ ತೆಗೆದುಕೊಂಡುಹೋಗಿ ಹಾಕಿದಳು.

ಪೆಡಲ್ ಮೆತ್ತಗಾಯಿತು. ತುಳಿದರೆ ಕಾಲು ನೆಲ ಮುಟ್ಟುತ್ತಿತ್ತು. ಎರಡು ದಿನ ಗಾಳಿ ಬಿಟ್ಟಿದ್ದೇ ಬಿಟ್ಟಿದ್ದು. ಎಲ್ಲೂ ಸೋರಿಕೆಯಿಲ್ಲ, ಪೈಪು ಸರಿಯಿದೆ, ಆದರೂ ಪೆಡಲ್ ನಿಲ್ಲದು. "ನಾಳೆ ಕನಕಪುರದಿಂದ ಬಾಣಂತಿ ಮಗಳನ್ನ ಕರ್ಕೊಂಡ್ ಬರ್ಬೇಕು ಕಣಯ್ಯಾ, ಈ ಗಾಡೀಲಿ ಎಂಗ್ ಕೂರ್ಸದು?" ಎಂದು ಅಂಕಯ್ಯ ರೇಗಿದರು. ನಮ್ಮವರು ನಯನಾಳ ಕಡೆ ಕೆಂಗಣ್ಣು ಬಿಟ್ಟರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೂರನೆಯ ದಿನ ಬೆಳಗ್ಗೆ ನಯನಾ ಚಕ್ರ ಬಿಚ್ಚಿ ಟಾರ್ಚು ಹಿಡಿದಳು. "ಅಣ್ಣ, ನಿಪ್ಪಲ್ ಕೆಳಗೈತೆ! ಅದು ಮೇಲಿರ್ಬೇಕು. ಗಾಳಿ ಮೇಲೇ ನಿಂತ್ಕಂಡೈತೆ, ಕೆಳಗಿಂದ ಎಷ್ಟ್ ಬುಟ್ರೂ ಬರೀ ಎಣ್ಣೆ ಬತ್ತದೆ. ಎಡದ್ದು ಬಲಕ್ಕೆ ಹೋಗೈತೆ." ಹೆಬ್ಬೆರಳಿನಿಂದ ಕ್ಯಾಲಿಪರ್ ಮೇಲಿನ ಕುಂಕುಮ ಉಜ್ಜಿದಳು. ಅಡಿಯಲ್ಲಿ ಎಡಗಡೆಯ ಗುರುತಿನ 'ಎಲ್' ಅಕ್ಷರವಿತ್ತು. ಕೆಂಪಾದ ಬೆರಳನ್ನು ನೋಡಿ, ನನ್ನನ್ನು ನೋಡಿದಳು. ದೀಪಕ್ಕೆ ಜಾಗ ಮಾಡಿ, ಎಡಬಲ ನೋಡದೆ ಮತ್ತೆ ಇಟ್ಟದ್ದು ನನಗೆ ಆಗಲೇ ನೆನಪಾದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ನನ್ನ ಕೈ ಸೆರಗಿನೊಳಗೆ ಹೋಯಿತು.

"ಯಾರು ಅದಲು ಬದಲು ಮಾಡಿದ್ದು?" ನಮ್ಮವರು ಗುಡುಗಿದರು.

"ನಾನೇ ಅಣ್ಣ. ಗುರುತು ನೋಡ್ದೆ ಹಾಕ್ಬುಟ್ಟೆ" ಎಂದಳು ನಯನಾ.

"ಕಲಿತೋಳು ಅಂತ ನಂಬಿದ್ದೆ. ಇದನ್ನ ಸರಿ ಮಾಡಿ ಮನೆಗೆ ಹೋಗವ್ವ. ನಾಳೆಯಿಂದ ಬರ್ಬೇಡ."

ಅವಳು ಎರಡನ್ನೂ ಬದಲಿಸಿ ಹಾಕಿ, ಕೈ ತೊಳೆದು, ಬುತ್ತಿ ಚೀಲ ಎತ್ತಿಕೊಂಡಳು. ಆಗ ಕೂಗು ಬಂತು: "ರಾಧಾಮಣೀ, ಪೆಡ್ಲು!"

ಹೋಗಿ ಕೂತೆ. ಒತ್ತು, ಒತ್ತು, ಹಿಡ್ಕೋ. ಕೆಳಗೆ ಗಾಳಿ ಬುಸುಗುಟ್ಟಿತು. ಪೆಡಲ್ ಮೊದಲಿಗಿಂತ ಗಟ್ಟಿಯಾಯಿತು. ಬೇಡಿಕೊಂಡದ್ದೆಲ್ಲ ಸಿಕ್ಕಿತ್ತು, ಆದರೆ ಹೊಟ್ಟೆಯ ಉರಿ ಮಾತ್ರ ಆರಲಿಲ್ಲ. ನನ್ನ ಹೆಸರೆತ್ತದೆ ನನ್ನ ತಪ್ಪನ್ನು ಹೊತ್ತುಕೊಂಡಳಲ್ಲ, ಅಲ್ಲೂ ಅವಳೇ ಗೆದ್ದಿದ್ದಳು. ಅದನ್ನು ಹೇಗೆ ಸಹಿಸಲಿ?

"ರೀ, ಅದಲು ಬದಲು ಮಾಡಿದ್ದು ನಾನು. ಪೂಜೆ ಮಾಡೋವಾಗ. ಅವ್ಳಿಗೂ ಗೊತ್ತು."

ಚಕ್ರದ ಬಳಿ ಸ್ಪಾನರ್ ಸದ್ದು ನಿಂತಿತು.

"ಕಾಲ್ ತೆಗೀಬೇಡ" ಎಂದರು. ನಿಪ್ಪಲ್ ಬಿಗಿದು ಮೇಲೆದ್ದರು. ನನ್ನ ಮುಖ ನೋಡದೆ, ಇನ್ನೂ ಬಾಗಿಲಲ್ಲೇ ನಿಂತಿದ್ದವಳ ಕಡೆ ತಿರುಗಿದರು. "ನಯನಾ, ಚೀಲ ಕೆಳಗಿಡವ್ವ. ಇನ್ನೊಂದ್ ಚಕ್ರ ಐತೆ. ಬಂದು ಒತ್ತು."

ನಾನು ಇಳಿದೆ. ನನ್ನ ಮೈಯ ಬಿಸಿ ಇನ್ನೂ ಆರದ ಸೀಟಿನಲ್ಲಿ ಅವಳು ಕೂತಳು.