ಮಹಾದೇವಪ್ಪನ ಬೆಲ್ಲದ ಡಬ್ಬಿ

ನಾಸಿಕದ ಸಾತಪೂರದಲ್ಲಿ ಮಹಾದೇವಪ್ಪನ ಮನೆಗೆ ಹೋದರೆ ಚಹಾಕ್ಕಿಂತ ಮೊದಲು ಬೆಲ್ಲದ ಡಬ್ಬಿ ಮುಂದೆ ಬರುತ್ತದೆ. ಕಲಬುರಗಿ ಕಡೆಯಿಂದ ಬಂದು ಇಪ್ಪತ್ತೆಂಟು ವರ್ಷ ಟೈಲ್ಸ್, ಗ್ರಾನೈಟ್ ಕೊಯ್ದ ಮನುಷ್ಯ. ಕೆಲಸ ಮುಗಿದ ಮೇಲೆ ಒಂದು ತುಂಡು ಬೆಲ್ಲ ತಿಂದರೆ ಆ ದಿನದ ಧೂಳೆಲ್ಲ ಇಳಿದು ಹೋಗುತ್ತದೆ ಎಂಬುದು ಅವನ ನಂಬಿಕೆ. ಮೂರು ತಿಂಗಳಿಂದ ಕೆಮ್ಮು ಬಿಟ್ಟಿಲ್ಲವಲ್ಲ ಎಂದು ಹೆಂಡತಿ ಜಗದೇವಿ ಕೇಳಿದರೆ, ಬೆಲ್ಲ ಹಳೆಯದಾಗಿದೆ, ಹೊಸದು ತರಬೇಕು ಎನ್ನುತ್ತಿದ್ದ.

ಆ ದಿನಗಳಲ್ಲೇ ಮನೆಯಲ್ಲಿ ಸಡಗರವೋ ಸಡಗರ. ಮಗಳು ಶಿವಗಂಗಾ ಇಂಜಿನಿಯರಿಂಗ್ ಮುಗಿಸಿದ್ದಳು. ಛತ್ರಪತಿ ಸಂಭಾಜಿನಗರದ ಒಂದು ಫೌಂಡ್ರಿ, ಅಂದರೆ ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆ, ಅವಳನ್ನು ಆರಿಸಿತ್ತು. ಎರಕವನ್ನು ಉಜ್ಜಿ ನಯ ಮಾಡುವ ವಿಭಾಗ ಬೇಕೋ, ಸುರಕ್ಷತಾ ವಿಭಾಗ ಬೇಕೋ ಎಂದು ಸೋಮವಾರದೊಳಗೆ ತಿಳಿಸಬೇಕು. ಶಿವಗಂಗಾಳ ಮನಸ್ಸು ಸುರಕ್ಷತೆಯ ಕಡೆಗಿತ್ತು. ಅಪ್ಪನಿಗೆ ಅದು ಸುತರಾಂ ಸೇರಲಿಲ್ಲ.

"ಮಂದಿಗಿ ಮಾಸ್ಕ್ ಹಂಚ್ಲಿಕ್ಕಿ ಇಂಜಿನಿಯರ್ ಯಾಕ ಆಗ್ಬೇಕಿತ್ತವ್ವ? ಮಷೀನ್ ನಡಸು. ಧೂಳಿಗಿ ಬೆಲ್ಲ ಅದ, ನಾ ಕಟ್ಟಿ ಕೊಡ್ತೀನಿ" ಎಂದವನು ಎರಡು ಕಿಲೋ ಬೆಲ್ಲ ತಂದೇ ಬಿಟ್ಟ.

ರವಿವಾರ ಶಿವಗಂಗಾಳ ಗೆಳತಿ ರುಚಿತಾ ಬಂದಳು. ಅದೇ ಫೌಂಡ್ರಿಯಲ್ಲಿ ಸುರಕ್ಷತಾ ಇಂಜಿನಿಯರ್, ಧಾರವಾಡದ ಹುಡುಗಿ. ಮಹಾದೇವಪ್ಪ ಆಗಷ್ಟೇ ಅಂಗಳದಲ್ಲಿ ನೆರೆಮನೆಯವರ ಟೈಲ್ಸ್ ಕೊಯ್ದು ಮುಗಿಸಿದ್ದ. ರೂಢಿಯಂತೆ ತಾನೂ ಬೆಲ್ಲ ತಿಂದ, ಧೂಳಿಗೆ ಇದೇ ಮದ್ದು ಎಂದು ಅವಳಿಗೂ ಕೊಟ್ಟ. ಬೆಲ್ಲ ಬಹಳ ಚೆನ್ನಾಗಿದೆ ಎಂದ ರುಚಿತಾ ತನ್ನ ಬಿಳಿ ಕರ್ಚೀಫು ಕೊಟ್ಟು, ಒಮ್ಮೆ ಮೂಗು ಸೀಟಿ ನೋಡಿ ಎಂದಳು. ನಾಚಿಕೊಂಡೇ ಸೀಟಿದ. ಕರ್ಚೀಫಿನ ತುಂಬ ಕಲಸಿದ ಸಿಮೆಂಟಿನಂಥ ಬೂದು ಕೆಸರು.

"ಬೆಲ್ಲ ಹೊಟ್ಟಿಗೆ ಹೋತು, ಧೂಳು ಪುಪ್ಪುಸಕ್ಕ ಹೋತು ಕಾಕಾ. ಅವೆರಡಕ್ಕೂ ಭೆಟ್ಟಿನೇ ಆಗಂಗಿಲ್ರಿ" ಎಂದಳು ರುಚಿತಾ.

ಜಗದೇವಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗಂಡನಿಗೆ ಇಪ್ಪತ್ತೆಂಟು ವರ್ಷದಲ್ಲಿ ಹೀಗೆ ಉತ್ತರ ಕೊಟ್ಟವರಿರಲಿಲ್ಲ.

ಮೂಗಿಗೆ ಸಿಕ್ಕಿದ್ದು ದಪ್ಪ ಧೂಳು, ಕಣ್ಣಿಗೆ ಕಾಣದ ಸಣ್ಣ ಧೂಳು ಎದೆಯೊಳಗೇ ಕೂರುತ್ತದೆ ಎಂದು ರುಚಿತಾ ತಿಳಿಸಿ ಹೇಳಿದಳು. ಕಲ್ಲಿನ, ಮರಳಿನ ಧೂಳು ವರ್ಷಗಟ್ಟಲೆ ಕೂತರೆ ಪುಪ್ಪುಸ ಗಟ್ಟಿಯಾಗುತ್ತದೆ, ಅದನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಎರಕದ ಅಚ್ಚು ಮರಳಿನದು, ಹಾಗಾಗಿ ಉಜ್ಜುವ ಕಡೆಯೂ ಅದೇ ಧೂಳು. ಇಂಜಿನಿಯರ್ ಬಂದಳೆಂದು ಅದು ದಾರಿ ಬಿಡುವುದಿಲ್ಲ. ತನ್ನ ಕೆಲಸ ಮಾಸ್ಕ್ ಹಂಚುವುದಷ್ಟೇ ಅಲ್ಲ, ಮಷೀನಿನ ಬಾಯಲ್ಲೇ ಧೂಳನ್ನು ಎಳೆದುಕೊಳ್ಳುವ ವ್ಯವಸ್ಥೆ ಮಾಡುವುದು, ಗಾಳಿಯಲ್ಲಿ ಎಷ್ಟು ಧೂಳಿದೆ ಎಂದು ಅಳೆಯುವುದು, ವರ್ಷಕ್ಕೊಮ್ಮೆ ಎಲ್ಲರ ಎದೆ ಪರೀಕ್ಷೆ ಮಾಡಿಸುವುದು ಎಂದಳು.

ಮಹಾದೇವಪ್ಪ ಬೆಲ್ಲದ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದ.

"ಕೆಲಸಕ್ಕ ಬಂದ ಮೊದಲ ದಿನ ನಮ್ಮನ್ನ ಕೂಲಿಗಿ ಹಚ್ಚಿದ ಮುಕಾದಮನೇ ಬೆಲ್ಲ ಕೊಟ್ಟಿದ್ದ. ನಮ್ಮ ಮ್ಯಾಲ ಕಾಳಜಿ ಅದ ಅಂತ ತಿಳ್ಕೊಂಡಿದ್ದೆ."

"ಕಾಳಜಿನೇ ಇರ್ಬಹುದಪ್ಪಾ. ಆದ್ರ ಧೂಳೇ ಏಳ್ದಂಗ ಮಾಡೋರು ನಿನಗ ಯಾರೂ ಸಿಗ್ಲಿಲ್ಲ. ನಾ ಅದೇ ಕೆಲಸ ಮಾಡ್ತೀನಿ" ಎಂದಳು ಶಿವಗಂಗಾ.

ಅವನ ಕಣ್ಣು ತುಂಬಿ ಬಂತು. ಹಾಗಾದರೆ ಅದನ್ನೇ ಬರೆದು ಕಳಿಸು ಎಂದ. ಅವಳೂ ಬಿಡಲಿಲ್ಲ, ನೀನು ಎದೆಯ ಎಕ್ಸ್‌ರೇ ತೆಗೆಸಿದರೆ ಮಾತ್ರ ಬರೆಯುತ್ತೇನೆ ಎಂದಳು.

ಸೋಮವಾರ ಬೆಳಿಗ್ಗೆ ತಾಯಿ ಮಗಳು ಕೂಡಿಯೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕ್ಷಯವಿಲ್ಲ, ಎಕ್ಸ್‌ರೇಯಲ್ಲಿ ಧೂಳಿನ ಕಾಯಿಲೆಯ ಗುರುತೂ ಇಲ್ಲ, ಉಸಿರಿನ ಕೊಳವೆ ಕೆರಳಿದೆ ಎಂದು ವೈದ್ಯರು ಔಷಧ ಬರೆದುಕೊಟ್ಟರು. ನೀರು ಹಾಕದೆ ಒಣ ಕಲ್ಲು ಕೊಯ್ಯುವುದು ಇನ್ನು ಸಾಕು, ವರ್ಷಕ್ಕೊಮ್ಮೆ ಬಂದು ತೋರಿಸಬೇಕು ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಶಿವಗಂಗಾ ಕಾರ್ಖಾನೆಗೆ ಒಪ್ಪಿಗೆ ಕಳಿಸಿದಳು.

ಈಗ ಮಹಾದೇವಪ್ಪನ ಕಲ್ಲು ಕೊಯ್ಯುವ ಕಟ್ಟರಿಗೆ ಧೂಳು ಏಳದಂತೆ ನೀರಿನ ಪೈಪು ಬಂದಿದೆ, ಮೂಗಿಗೆ ಬಿಗಿಯಾಗಿ ಕೂರುವ ಒಳ್ಳೆಯ ಮಾಸ್ಕ್ ಬಂದಿದೆ. ಆ ಎರಡು ಕಿಲೋ ಬೆಲ್ಲವನ್ನು ಮಗಳ ನೌಕರಿಯ ಸಿಹಿ ಎಂದು ಓಣಿಗೆಲ್ಲ ಹಂಚಿದ. ಹಂಚುವಾಗ ಒಮ್ಮೆಯೂ ಕೆಮ್ಮಲಿಲ್ಲ.

ಅಕ್ಕ-ಅಣ್ಣಂದಿರೇ, ನಿಮ್ಮ ಮನೆಯ ಮಗನೋ ಮಗಳೋ ಕಾರ್ಖಾನೆ ಕೆಲಸಕ್ಕೆ ಹೊರಟಿದ್ದರೆ ಸಂಬಳ ಕೇಳಿದ ಬಾಯಿಂದಲೇ ಇದನ್ನೂ ಕೇಳಲಿ: ಇಲ್ಲಿ ಧೂಳು ಎಷ್ಟಿದೆ, ಅದನ್ನು ತಡೆಯಲು ಏನು ಮಾಡಿದ್ದೀರಿ, ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಮಾಡಿಸುತ್ತೀರಾ? ಕೇಳಲು ಸಂಕೋಚ ಬೇಡ. ಬೆಲ್ಲವನ್ನೂ ಬಿಡಬೇಡಿ, ಸಂತೋಷಕ್ಕೆ ತಿನ್ನಿ. ಧೂಳನ್ನು ಮಾತ್ರ ಅದು ಏಳುವ ಜಾಗದಲ್ಲೇ ಹಿಡಿಯಿರಿ.