ಕೋವಿದನಿಗೆ ಹತ್ತಕ್ಕೆ ಹತ್ತು

ಇದು ನಡೆದದ್ದೇ. ನಂಬಿಕೆ ಬಾರದವರು ಮೈಸೂರಿನ ಶ್ರೀರಾಂಪುರಕ್ಕೆ ಹೋಗಿ ಯಾರನ್ನಾದರೂ ಕೇಳಬಹುದು. ಸಂಜೆ ಏಳರ ನಂತರ ಮಾತ್ರ ಬೇಡ. ಆಗ ‘ಗಗನಗಡಿ’ ಧಾರಾವಾಹಿ ಬರುತ್ತದೆ, ಬೆಲ್ಲು ಕಿತ್ತುಬರುವಂತೆ ಒತ್ತಿದರೂ ಬಾಗಿಲು ತೆಗೆಯುವವರಿಲ್ಲ.

‘ಗಗನಗಡಿ’ಯಲ್ಲಿ ಇಬ್ಬರು ಯಂತ್ರಮಾನವರು, ಇಬ್ಬರಿಗೂ ಹಾವು ಮುಂಗುಸಿಯ ನಂಟು. ಒಬ್ಬ ಕೋವಿದ. ಗಾಜಿನ ತಲೆ, ರೈಲ್ವೆ ಸ್ಟೇಷನ್ ಪ್ರಕಟಣೆಯ ದನಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟಿ ಲೆಕ್ಕ. ಇನ್ನೊಬ್ಬ ತುಂಗ. ಮೈಯೆಲ್ಲ ತುಕ್ಕು, ಬಾಯ್ತುಂಬ ಎಲೆಅಡಿಕೆ ಇಟ್ಟುಕೊಂಡವನ ಹಾಗೆ ಮಾತು. ಲೆಕ್ಕ ತಪ್ಪುತ್ತಾನೆ, ಆದರೆ ಅವರ ಗಗನನೌಕೆ ಉಳಿಸುವವನು ಅವನೇ.

ಗಣಿತದ ನಿವೃತ್ತ ಲೆಕ್ಚರರ್ ಇರುದಯರಾಜ್ ಕೋವಿದನ ಕಡೆ. ಪಕ್ಕದ ಮನೆಯ ನಿವೃತ್ತ ಎಂಜಿನಿಯರ್ ರಾಮಯ್ಯ ತುಂಗನ ಕಡೆ, ಆದರೂ ದಿನಾ ಏಳಕ್ಕೆ ಇವರ ಮನೆಗೇ ಬಂದು ನೋಡುವವರು. ಇರುದಯರಾಜರ ಹೆಂಡತಿ ಅಂತೋಣಮ್ಮ ಯಾರ ಕಡೆಯೂ ಇಲ್ಲ. “ಕೋವಿಡ್ ಬಂತು, ಕೈ ತೊಳ್ಕೊಂಡು ಬನ್ನಿ” ಎಂದು ದಿನಾ ಕಾಫಿ ತಂದಿಡುವುದಷ್ಟೇ ಅವರ ಪಾತ್ರ.

ಹೋದ ತಿಂಗಳು ಒಂದು ಕಂತಿನಲ್ಲಿ ಕೋವಿದ ನೌಕೆ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿ ಕೈಕಟ್ಟಿ ನಿಂತ. ತುಂಗ ಬಾಗಿಲು ಕಿತ್ತು ತೂತಿಗೆ ಅಡ್ಡ ಒತ್ತಿ ಎಲ್ಲರನ್ನೂ ಉಳಿಸಿದ.

“ನೋಡಿದ್ರಾ ಮೇಷ್ಟ್ರೇ? ಬುದ್ಧಿ ಅಂದ್ರೆ ಇದು. ಲೆಕ್ಕ ಮಾಡೋಕೆ ಕ್ಯಾಲ್ಕುಲೇಟರ್ ಸಾಕು ಬುಡಿ,” ಎಂದರು ರಾಮಯ್ಯ.

ಮೂವತ್ತು ವರ್ಷ ಲೆಕ್ಕ ಕಲಿಸಿದ ಮನುಷ್ಯನಿಗೆ ಇದು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. “ತುಕ್ಕು ಹಿಡಿದಿರೋದು ತುಂಗನಿಗೆ ಮಾತ್ರ ಅಲ್ಲ ಕಣ್ರೀ, ಅವನ ಅಭಿಮಾನಿಗಳ ತಲೆಗೂ!”

ರಾಮಯ್ಯ ಅರ್ಧ ಕಾಫಿ ಬಿಟ್ಟು ಎದ್ದುಹೋದವರು ಮತ್ತೆ ಬರಲಿಲ್ಲ. ತಮ್ಮ ಮನೆಯಲ್ಲೇ ಟಿ.ವಿ. ಹಾಕಿದರು, ಸೌಂಡು ಏರಿಸಿದರು. ಇರುದಯರಾಜ್ ಇನ್ನೂ ಏರಿಸಿದರು. ಬೀದಿಯವರು ಟಿ.ವಿ. ಹಾಕದೆಯೇ ಧಾರಾವಾಹಿ ಕೇಳುವಂತಾಯಿತು.

ಇದೆಲ್ಲ ಇರುದಯರಾಜರ ಮಗಳು ಸ್ವೀಟಿಯ ತಲೆಗೆ ಬಂತು. ಅಪ್ಪನಿಗೆ ಜಗಳವಾಡಲು ಬೇರೆ ಜನ ಇರಲಿಲ್ಲ. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೋವಿದನ ಗುಣಗಾನ ಶುರು. ಅದಕ್ಕಿಂತ ಕಷ್ಟವೆಂದರೆ, ಏಳು ಗಂಟೆಗೆ ಅಪ್ಪ ಪಕ್ಕದ ಖಾಲಿ ಕುರ್ಚಿಯನ್ನು ನೋಡಿ, ಯಾರೂ ನೋಡಲಿಲ್ಲ ತಾನೇ ಎಂದು ಮುಖ ತಿರುಗಿಸುವುದನ್ನು ನೋಡಬೇಕಿತ್ತು.

ಸ್ವೀಟಿಗೆ ಬಾರದ ದನಿಯಿಲ್ಲ. ಸಿಟಿ ಬಸ್ ಕಂಡಕ್ಟರ್, ಸೊಪ್ಪು ಮಾರುವವರು, ಎಲ್ಲ ಆಗಿತ್ತು. ಚರ್ಚಿನ ಅಂಗಳದಲ್ಲಿ ಫಾದರ್ ಕೊಟ್ಟ ಉಪದೇಶವನ್ನು ಅವರದೇ ದನಿಯಲ್ಲಿ ಒಪ್ಪಿಸುತ್ತಿದ್ದಾಗ ಹಿಂದೆ ಫಾದರೇ ನಿಂತಿದ್ದದ್ದೂ ಆಗಿತ್ತು. ಒಂದು ಭಾನುವಾರ ಅವಳು ರಾಮಯ್ಯನವರ ಮನೆಗೆ ಹೋಗಿ ಸಂಚನ್ನು ಬಿಚ್ಚಿಟ್ಟಳು.

“ಅಂಕಲ್, ಆ್ಯಪ್ ಅಂತ ನಂಬಿಸಿ ಇಲ್ಲಿಂದ ಫೋನ್ ಮಾಡೋಣ, ಅಪ್ಪ ಪ್ರಶ್ನೆ ಕೇಳ್ತಾರೆ. ಉತ್ತರ ನೀವು ನನ್ನ ಕಿವೀಲಿ ಹೇಳಿ, ಅದನ್ನ ನಾನು ಕೋವಿದನ ದನೀಲಿ ಹೇಳ್ತೀನಿ.”

“ಕೋವಿದಂಗೆ ನಾನು ಬುದ್ಧಿ ಎರವಲು ಕೊಡ್ಬೇಕಾ? ತುಂಗನಿಗೆ ಯಾರು ಕೊಡ್ತಾರೆ?”

“ತುಂಗನಿಗೆ ಅಪ್ಪನ ಮಾತನ್ನೇ ಕೊಡೋದು. ಅವರ ಡೈಲಾಗೆಲ್ಲ ನಂಗೆ ಬಾಯಿಪಾಠ.”

ರಾಮಯ್ಯ ತೊಡೆ ತಟ್ಟಿಕೊಂಡರು. ಆಮೇಲೆ ಮುಖ ಸಣ್ಣಗಾಯಿತು. “ಮೇಷ್ಟ್ರಿಗೆ ಬೇಜಾರಾದ್ರೆ? ಆಮೇಲೆ ಮುಖಾನೂ ನೋಡಲ್ಲ ನಂದು.”

“ಈಗ ನೋಡ್ತಿದಾರಾ?”

ರಾಮಯ್ಯ ಕುರ್ಚಿ ಎಳೆದು ಅವಳ ಪಕ್ಕ ಕೂತರು.

ಇತ್ತ ಅಂತೋಣಮ್ಮ ಗಂಡನೆದುರು ಫೋನು ಇಟ್ಟರು. “ಹೊಸ ಆ್ಯಪಂತೆ ಕಣ್ರೀ. ಕೋವಿದ, ತುಂಗ ಇಬ್ರೂ ಮಾತಾಡ್ತಾರಂತೆ. ಸ್ವೀಟಿ ಹಾಕಿಕೊಟ್ಟು ಎಲ್ಲೋ ಹೋದ್ಲು.”

ಇರುದಯರಾಜ್ ಕನ್ನಡಕ ಏರಿಸಿದರು. ಪೇಪರ್ ವ್ಯಾಲ್ಯುಯೇಷನ್‌ಗೆ ಕೂತರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು, ಈಗಲೂ ಆಯಿತು. ಯಂತ್ರವೆಂದ ಮೇಲೆ ಗಣಿತ ಕೇಳಿ ಪ್ರಯೋಜನವಿಲ್ಲ, ಲೋಕಜ್ಞಾನವನ್ನೇ ಕೇಳಬೇಕು ಎಂದು ನಿರ್ಧರಿಸಿದರು.

“ಮೊದಲನೇ ಪ್ರಶ್ನೆ. ಸಾರಿಗೆ ಉಪ್ಪು ಜಾಸ್ತಿ ಆಗಿದೆ. ಮಾಡಿದವರು ಎದುರಿಗೇ ನಿಂತು ಹೆಂಗಿದೆ ಅಂತಾರೆ. ಏನ್ ಹೇಳ್ತೀಯ?”

“ಸಾರು ಚೆನ್ನಾಗಿದೆ, ಅನ್ನಕ್ಕೇ ಉಪ್ಪು ಕಮ್ಮಿ,” ಎಂದಿತು ತುಂಗನ ತಾಂಬೂಲದ ದನಿ.

“ಕುಂಟು ನೆಪ! ಸೊನ್ನೆ!”

ಅಂತೋಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು.

“ಬಾಯಿ ತುಂಬಿಸಿಕೊಂಡು ತಲೆ ಆಡಿಸುತ್ತೇನೆ,” ಎಂದಿತು ಕೋವಿದನ ದನಿ. “ಎತ್ತ ಆಡಿಸಿದೆ ಎಂಬುದನ್ನು ಅಡುಗೆ ಮಾಡಿದವರೇ ತೀರ್ಮಾನಿಸಲಿ.”

“ಆಹಾ! ಹತ್ತಕ್ಕೆ ಹತ್ತು! ರಾಜತಂತ್ರ ಅಂದ್ರೆ ಇದು ಕಣೇ. ಎರಡನೇ ಪ್ರಶ್ನೆ. ಜಂಬೂಸವಾರಿ ದಿನ ಮಧ್ಯಾಹ್ನ ಇಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಹೋಗ್ಬೇಕು. ಹೆಂಗೆ?”

“ಹಿಂದಿನ ದಿನವೇ ಹೊರಡಬೇಕು,” ಎಂದ ತುಂಗ.

“ದಡ್ಡ! ಪ್ರಶ್ನೆಯನ್ನೇ ಓದಿಲ್ಲ. ಸೊನ್ನೆ!”

“ಅವತ್ತು ಮೈಸೂರು ಬಿಟ್ಟು ಹೋಗುವ ಮನುಷ್ಯನ ಬುದ್ಧಿಯನ್ನು ಮೊದಲು ಪರೀಕ್ಷಿಸಿ,” ಎಂದ ಕೋವಿದ.

ಇರುದಯರಾಜ್ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಕೇಳಿದೆಯಾ? ಮತ್ತೆ ಹತ್ತಕ್ಕೆ ಹತ್ತು! ಇಂಥ ಉತ್ತರ ಹೊಳೀಬೇಕು ಅಂದ್ರೆ ಆ ರಾಮಯ್ಯನ ತಲೆಗೆ ಏಳು ಜನ್ಮ ಬೇಕು!”

ಪಕ್ಕದ ಮನೆಯಲ್ಲಿ ಸ್ವೀಟಿ ಕೈ ಅಡ್ಡ ಹಿಡಿಯುವಷ್ಟರಲ್ಲಿ ರಾಮಯ್ಯ ಫೋನು ಕಿತ್ತುಕೊಂಡಾಗಿತ್ತು.

“ಏಳು ಜನ್ಮ ಯಾಕ್ ಬುಡಿ ಮೇಷ್ಟ್ರೇ! ಈಗ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ರಲ್ಲ, ಇದೇ ತಲೆಗೇ ಕೊಟ್ಟಿದ್ದು!”

ಮೇಜಿನ ಮೇಲಿನ ಫೋನಿನಿಂದಲೂ ಕಿಟಕಿಯಿಂದಲೂ ಆ ಮಾತು ಒಟ್ಟಿಗೇ ಬಂತು.

ಸ್ವೀಟಿ ಓಡಿ ಬಂದಳು. ಹಿಂದೆ ಬಂದ ರಾಮಯ್ಯ, ಚಪ್ಪಲಿ ಬಿಡುವುದೋ ಬೇಡವೋ ತಿಳಿಯದೆ ಹೊಸ್ತಿಲ ಹೊರಗೇ ನಿಂತರು. ಇರುದಯರಾಜರ ಮುಖ ಕೆಂಪಾಗಿತ್ತು. ಇಷ್ಟು ದಿನ ಕಟ್ಟಿದ್ದ ಗೋಡೆಗೆ ತಾನೇ ಇನ್ನೊಂದು ಸಾಲು ಇಟ್ಟಿಗೆ ಇಟ್ಟೆನೇನೋ ಎಂದು ಸ್ವೀಟಿ ಅಮ್ಮನ ಬೆನ್ನ ಹಿಂದೆ ಸರಿದಳು.

“ಕೋವಿದ ಇವರು ಅಂತಾಯ್ತು,” ಎಂದರು ಇರುದಯರಾಜ್ ನಿಧಾನವಾಗಿ. “ಆ ದಡ್ಡ ತುಂಗ ಯಾರು?”

ಅಂತೋಣಮ್ಮನಿಗೆ ಇನ್ನು ತಡೆಯಲಾಗಲಿಲ್ಲ. “ನೀವೇ ಕಣ್ರೀ! ಮದುವೆ ಆದಾಗಿಂದ ನನ್ನ ಸಾರಿಗೆ ಅದೇ ಮಾತು ಹೇಳ್ತಿರೋದು ಯಾರು? ಹೋದ ದಸರಾದಲ್ಲಿ ಹಿಂದಿನ ದಿನವೇ ನಮ್ಮನ್ನ ಸ್ಟೇಷನ್ನಲ್ಲಿ ಮಲಗಿಸಿದ್ಯಾರು?”

ಮೊದಲು ಇರುದಯರಾಜರ ಹೊಟ್ಟೆ ಅಲುಗಿತು. ಆಮೇಲೆ ಭುಜ. ಕನ್ನಡಕ ಜಾರಿ ಮಡಿಲಿಗೆ ಬಿತ್ತು.

“ನನ್ನನ್ನ ನಾನೇ ಫೇಲ್ ಮಾಡ್ಬುಟ್ನಲ್ರೀ ರಾಮಯ್ಯನೋರೇ! ಅದೂ ಸೊನ್ನೆ ಸುತ್ತಿ! ಒಳಗೆ ಬನ್ರೀ, ಅಲ್ಲೇನು ಮರುಎಣಿಕೆಗೆ ಕಾಯ್ತಿದೀರಾ?”

ರಾಮಯ್ಯ ನಕ್ಕರು, ಅಂತೋಣಮ್ಮ ನಕ್ಕರು, ಸ್ವೀಟಿ ಉಸಿರು ಬಿಟ್ಟು ತಾನೂ ನಕ್ಕಳು. ಆದರೆ ಮೂವರ ನಗುವೂ ಮುಳುಗಿಹೋಗುವಂತೆ ಇರುದಯರಾಜ್ ಮೇಜು ಬಡಿದು ಬಡಿದು ನಕ್ಕರು. ಎದುರು ಮನೆಯವರು ಕಿಟಕಿ ತೆರೆದು, ಗಗನಗಡಿ ಇವತ್ತು ಬೇಗ ಶುರುವಾಯಿತೇ ಎಂದು ಕೇಳಿದರು.